ಚಿಕಿತ್ಸೆ ಕೊಡುವವರು ಯಾರು? ಕ್ಲಿನಿಕಲ್ ಸೈಕಾಲಜಿ ಸಂಶೋಧನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮನೋವೈದ್ಯರೇ ಅಲ್ಲವೇ?

ಅಲ್ಲ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ, ಆಮೇಲೆ ಸೈಕಿಯಾಟ್ರಿಯಲ್ಲಿ ಉನ್ನತ ಪದವಿ ಪಡೆದ ಡಾಕ್ಟರು. ಮಾತ್ರೆ ಬರೆಯುವುದು ಅವರ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆಸ್ಪತ್ರೆಯ ಒಳಗೇ ತರಬೇತಿ ಮುಗಿಸಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ಹೆಸರು ನೋಂದಾಯಿಸಿಕೊಂಡವರು. ನೆನಪು, ಬುದ್ಧಿಮತ್ತೆ, ವ್ಯಕ್ತಿತ್ವದ ಪರೀಕ್ಷೆಗಳನ್ನು ಮಾಡುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಮಾತ್ರೆ ಬರೆಯುವುದಿಲ್ಲ. ಮದುವೆ ಮನೆಗಳಲ್ಲಿ ಸೈಕಾಲಜಿಸ್ಟರಾದ ನಮ್ಮ ಪಕ್ಕ ಕೂತು "ಈಗ ನನ್ನ ಮನಸ್ಸಲ್ಲಿ ಏನು ಓಡ್ತಿದೆ ಹೇಳಿ ನೋಡೋಣ" ಅನ್ನುವವರಿಗೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ: ನಮಗೆ ಗೊತ್ತಾಗುವುದಿಲ್ಲ. ನೀವು ಹೇಳಿದರೇ ಗೊತ್ತಾಗುವುದು.

ಚಿಕಿತ್ಸೆ ಕೊಡುವುದು ಸರಿ. ಅದರಲ್ಲಿ ಸಂಶೋಧನೆ ಮಾಡುವುದಕ್ಕೆ ಏನಿದೆ?

ಬಹಳ ಇದೆ. ಹಿಂದೆ ಈ ಕ್ಷೇತ್ರದ ದೊಡ್ಡ ಪ್ರಶ್ನೆ ಯಾವ ಚಿಕಿತ್ಸೆ ಯಾವುದಕ್ಕಿಂತ ಮೇಲು ಅನ್ನುವುದಾಗಿತ್ತು. ಒಂದು ಪಂಥದವರು ಇನ್ನೊಂದು ಪಂಥದವರನ್ನು ಸೋಲಿಸಲು ಪ್ರಬಂಧ ಬರೆಯುತ್ತಿದ್ದರು. ಕಳೆದ ಎರಡು ದಶಕಗಳಲ್ಲಿ ಪ್ರಶ್ನೆ ಬದಲಾಗಿದೆ. ಚಿಕಿತ್ಸೆಯನ್ನು ಕೊಡುವವರು ಯಾರು, ಎಲ್ಲಿ ಕೂತು ಕೊಡಬೇಕು, ಅದನ್ನು ಕೊಂಡೊಯ್ಯುವ ಕೈಗೆ ಎಷ್ಟು ಓದು ಬೇಕು ಎಂದು ಕೇಳುವವರು ಹೆಚ್ಚಾಗಿದ್ದಾರೆ.

ಯೇಲ್ ವಿಶ್ವವಿದ್ಯಾಲಯದ ಕ್ಲಿನಿಕಲ್ ಸೈಕಾಲಜಿಸ್ಟ್ ಅಲನ್ ಕಾಜ್ಡಿನ್ 2008ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದವರು. 2011ರಲ್ಲಿ ಅವರು ಸ್ಟೇಸಿ ಬ್ಲೇಸ್ ಜೊತೆ ಬರೆದ ಲೇಖನ ವೃತ್ತಿಬಾಂಧವರಿಗೆ ಇರಿಸುಮುರಿಸು ತಂದಿತು. ಒಬ್ಬ ಪರಿಣತ, ಒಬ್ಬ ರೋಗಿ, ಮುಚ್ಚಿದ ಕೋಣೆ, ವಾರಕ್ಕೊಂದು ಗಂಟೆ: ಈ ಪದ್ಧತಿಯನ್ನೇ ನೆಚ್ಚಿಕೊಂಡರೆ ಪರಿಣತರ ಸಂಖ್ಯೆ ದುಪ್ಪಟ್ಟಾದರೂ ಕಾಯಿಲೆಯ ಒಟ್ಟು ಹೊರೆ ಹೆಚ್ಚೇನೂ ಇಳಿಯದು ಅನ್ನುವುದು ಅವರ ವಾದ. ಅವರು ಬರೆದದ್ದು ಅಮೆರಿಕದ ಬಗ್ಗೆ. ಅಲ್ಲೇ ಹಾಗಾದರೆ ನಮ್ಮ ಯಾದಗಿರಿಯ ಕಥೆ ಏನು ಎಂದು ಓದಿದ ಯಾರಿಗಾದರೂ ಅನ್ನಿಸುತ್ತದೆ.

ನಮ್ಮಲ್ಲಿ ಸಮಸ್ಯೆ ಎಷ್ಟು ದೊಡ್ಡದು?

ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ಮನೆಮನೆಗೆ ಹೋಯಿತು. ಕರ್ನಾಟಕ ಆ 12ರಲ್ಲಿ ಇರಲಿಲ್ಲ, ಆದರೆ ಪ್ರಶ್ನಾವಳಿಯನ್ನು ಮೊದಲು ಪ್ರಯೋಗಿಸಿ ನೋಡಿದ್ದು ಕೋಲಾರ ಜಿಲ್ಲೆಯಲ್ಲಿ. ವಯಸ್ಕರಲ್ಲಿ ಶೇ. 10.6 ಮಂದಿಗೆ ಸಮೀಕ್ಷೆಯ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಬೇರೆಯಾಗಿ, ಶೇ. 70ರಿಂದ 92ರವರೆಗೆ ಇತ್ತು. ಎರಡನೆಯ ಅಂಕಿಯೇ ಈ ಬರಹದ ಉಳಿದೆಲ್ಲ ಪ್ರಶ್ನೆಗಳಿಗೆ ಮೂಲ.

ಕರ್ನಾಟಕದಲ್ಲಿ ಈ ಬಗೆಯ ಸಂಶೋಧನೆ ಇತ್ತೀಚಿನದೋ?

ನಮ್ಮದು ಈ ವಿಷಯದಲ್ಲಿ ಹಳೇ ಮನೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರ ಕೈಯಲ್ಲಿ. (1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಹೆಸರಿನ ಖಾಸಗಿ ರೇಡಿಯೊ ಕೇಂದ್ರ ಹುಟ್ಟುಹಾಕಿದವರೂ ಇವರೇ. ಮನೋವಿಜ್ಞಾನದ ಮೇಷ್ಟ್ರುಗಳಿಗೆ ಆಗ ಬಿಡುವು ಹೆಚ್ಚಿತ್ತೆಂದು ಕಾಣುತ್ತದೆ.) ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಎರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು.

ಆದರೆ ನನಗೆ ಹೆಚ್ಚು ಇಷ್ಟವಾದ ಅಧ್ಯಾಯ ಕೋಟದ್ದು. ಆಗಿನ ದಕ್ಷಿಣ ಕನ್ನಡ, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಗಳಿಗೆ ಹೋಗಿ ಯಾರಿಗೆ ಯಾವ ತೊಂದರೆ ಇದೆ ಎಂದು ಕೇಳಿದರು. 1976ರಲ್ಲಿ ಅವರ ಅಧ್ಯಯನ ಹೊರಬಂತು. ಇದಕ್ಕೆ ಬೇಕಾದ ಸಂದರ್ಶನ ಪ್ರಶ್ನಾವಳಿಯನ್ನು ನಮ್ಮ ನೆಲಕ್ಕೆ ತಕ್ಕಂತೆ ರೂಪಿಸುವುದರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಮಾಳವಿಕಾ ಕಪೂರ್ ಅವರ ಪಾಲೂ ಇತ್ತು. ಶಾಲಾ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ನಿಮ್ಹಾನ್ಸ್‌ನಲ್ಲಿ ಮುಂದೆ ದೊಡ್ಡ ಕೆಲಸ ಮಾಡಿದವರು ಇವರು.

ಅಲ್ಲಿ ಕಂಡದ್ದು ಇದು: ಮನಸ್ಸು ಕೆಟ್ಟಾಗ ಕೋಟದ ಜನ ನಾಟಿ ವೈದ್ಯರಲ್ಲಿಗೆ ಹೋಗುತ್ತಿದ್ದರು, ಮಂತ್ರವಾದಿಯಲ್ಲಿಗೂ ಹೋಗುತ್ತಿದ್ದರು, ಮೈಮೇಲೆ ದೈವ ಬರುವ ಪಾತ್ರಿಯಲ್ಲಿಗೂ ಹೋಗುತ್ತಿದ್ದರು, ಡಾಕ್ಟರ ಬಳಿಗೂ ಹೋಗುತ್ತಿದ್ದರು. ಒಂದಕ್ಕೊಂದು ವಿರೋಧ ಎಂದು ಅವರಿಗೆ ಅನ್ನಿಸಿರಲಿಲ್ಲ. ಕಷ್ಟ ಬಂದಾಗ ಊರಿನವರು ಯಾರ ಬಾಗಿಲಿಗೆ ಹೋಗುತ್ತಾರೆ ಅನ್ನುವುದನ್ನು ಮೊದಲು ತಿಳಿ, ಆಮೇಲೆ ಯೋಜನೆ ಮಾಡು ಎಂಬ ಪಾಠವನ್ನು ಕೋಟ ಐವತ್ತು ವರ್ಷದ ಹಿಂದೆಯೇ ಕಲಿಸಿತ್ತು. ಯೋಜನೆ ಮಾಡಿದವರೆಲ್ಲ ಅದನ್ನು ನೆನಪಿಟ್ಟುಕೊಂಡರು ಎಂದು ಹೇಳಲಾರೆ.

ಬಳ್ಳಾರಿ ಮಾದರಿ ಎಂದು ಕೇಳಿದ್ದೇನೆ. ಅದೇನು?

1970ರ ದಶಕದ ನಡುವೆ ನಿಮ್ಹಾನ್ಸ್ ಸಮುದಾಯ ಮನೋವೈದ್ಯಕೀಯ ಘಟಕ ತೆರೆದು, ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಇಟ್ಟುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಲು ಕಲಿಸತೊಡಗಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಒಂದಿಡೀ ಜಿಲ್ಲೆಯಲ್ಲಿ ಇದು ನಡೆಯುತ್ತದೆಯೇ ಎಂದು 1985ರಿಂದ 1990ರವರೆಗೆ ಬಳ್ಳಾರಿಯಲ್ಲಿ ಪರೀಕ್ಷಿಸಿದರು. ನಡೆಯುತ್ತದೆ ಎಂದಾಯಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಮುಂದಿಟ್ಟುಕೊಂಡ ಮಾದರಿ ಬಳ್ಳಾರಿಯದೇ.

ಬಳ್ಳಾರಿಯ ಸಾಧನೆಯ ತಿರುಳು ಔಷಧ. ಮೂರ್ಛೆರೋಗ, ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಗಳಿಗೆ ಮಾತ್ರೆ ಹಳ್ಳಿಯ ಹತ್ತಿರ ಬಂತು, ಅದೇನು ಸಣ್ಣ ಮಾತಲ್ಲ. ಮಾತಿನ ಚಿಕಿತ್ಸೆ ಮಾತ್ರ ಊರಿಗೆ ಬರಲಿಲ್ಲ. ಡಾಕ್ಟರ ಮುಂದೆ ಸಾಲು ನಿಂತ ನೂರು ಜನರಲ್ಲಿ ಒಬ್ಬರಿಗೆ ನಲವತ್ತು ನಿಮಿಷ ಕೊಡುವವರು ಯಾರು? ಅದಕ್ಕೆ ಉತ್ತರ ಬರಲು ಇನ್ನೂ ಸುಮಾರು ಇಪ್ಪತ್ತು ವರ್ಷ ಬೇಕಾಯಿತು, ಬಂದದ್ದೂ ಪಕ್ಕದ ಗೋವಾದಿಂದ.

ಮಾತಾಡಿದರೆ ಖಿನ್ನತೆ ಹೋಗುತ್ತದೆಯೇ? ಧೈರ್ಯ ಹೇಳಲು ಮನೆಯವರು ಸಾಲದೇ?

ಧೈರ್ಯ ಹೇಳುವುದೇ ಬೇರೆ, ಚಿಕಿತ್ಸೆಯೇ ಬೇರೆ. ಒಂದು ವಿಧಾನವನ್ನು ಹಿಡಿದು ಹೇಳುತ್ತೇನೆ, ಮುಂದಿನ ಉತ್ತರಗಳಿಗೂ ಅದು ಬೇಕು.

ಖಿನ್ನತೆ ಬಂದವರು ಒಂದೊಂದಾಗಿ ಕೆಲಸ ಬಿಡುತ್ತಾ ಬರುತ್ತಾರೆ. ಶಿರಸಿ ಕಡೆಯ ಐವತ್ತರ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳಿ. ಮೊದಲು ಸಂಜೆ ಕಟ್ಟೆಗೆ ಹೋಗುವುದು ನಿಂತಿತು. ಆಮೇಲೆ ತೋಟಕ್ಕೆ ಇಳಿಯುವುದು ನಿಂತಿತು. ಆಮೇಲೆ ಸ್ನಾನ ಮಧ್ಯಾಹ್ನಕ್ಕೆ ಹೋಯಿತು. ಪ್ರತಿಯೊಂದು ಬಿಟ್ಟಾಗಲೂ ಆ ಹೊತ್ತಿಗೆ ಕೊಂಚ ಹಗುರ ಅನ್ನಿಸುತ್ತದೆ, ಆದರೆ ಸಿಗುತ್ತಿದ್ದ ಸಣ್ಣಪುಟ್ಟ ಸಂತೋಷ, ನಾಲ್ಕು ಮಾತು, ಆಗಿಹೋದ ಕೆಲಸದ ಸಮಾಧಾನ ಎಲ್ಲ ಬತ್ತಿ, ಮನಸ್ಸು ಇನ್ನೂ ಕುಗ್ಗುತ್ತದೆ. ಕುಗ್ಗಿದಷ್ಟೂ ಇನ್ನಷ್ಟು ಬಿಡುತ್ತಾರೆ. ಅಮೆರಿಕದ ಆರೆಗಾನ್‌ನಲ್ಲಿ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಈ ಸುಳಿಯನ್ನು ವಿವರಿಸಿದರು. ಸುಳಿಯನ್ನು ಎಲ್ಲಿ ತುಂಡರಿಸಬಹುದು? ಮನಸ್ಸು ಸರಿಹೋಗುವವರೆಗೆ ಕಾಯದೆ, ಕೆಲಸದಿಂದಲೇ ಶುರುಮಾಡುವುದು. ರೋಗಿಯ ಜೊತೆ ಕೂತು ದಿನಚರಿ ಬರೆದು, ಯಾವ ಹೊತ್ತಿನಲ್ಲಿ ಏನು ಮಾಡಿದಾಗ ಮನಸ್ಸು ಹೇಗಿತ್ತು ಎಂದು ನೋಡಿ, ಸಣ್ಣದೊಂದು ಕೆಲಸ ಆರಿಸಿ, ಹೊತ್ತು ಗೊತ್ತುಮಾಡಿ, ಆಗದಿದ್ದರೆ ಅಡ್ಡ ಬಂದದ್ದೇನು ಎಂದು ಮುಂದಿನ ವಾರ ಮತ್ತೆ ಕೂತು ಹುಡುಕುವುದು. ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್, ಅಂದರೆ ಚಟುವಟಿಕೆಯ ಚಿಕಿತ್ಸೆ ಎನ್ನುತ್ತಾರೆ.

"ಎದ್ದು ಓಡಾಡು, ಎಲ್ಲ ಸರಿಹೋಗ್ತದೆ" ಎಂದು ಮನೆಯವರು ಹೇಳುವುದೂ ಇದನ್ನೇ ಅಲ್ಲವೇ ಎನ್ನಬಹುದು. ಮನೆಯವರದು ಆಜ್ಞೆ, ಅದೂ ಇಡೀ ಬದುಕನ್ನು ಒಂದೇ ಏಟಿಗೆ ಎತ್ತಿ ನಿಲ್ಲಿಸು ಅನ್ನುವ ಆಜ್ಞೆ. ಚಿಕಿತ್ಸೆಯಲ್ಲಿ ಬೆಳಿಗ್ಗೆ ಏಳಕ್ಕೆ ಎದ್ದು ಹತ್ತು ನಿಮಿಷ ಅಂಗಳದಲ್ಲಿ ಕೂರುವುದು ಒಂದು ವಾರದ ಗುರಿಯಾಗಬಹುದು. ಆಗಲಿಲ್ಲ ಎಂದರೆ ಬೈಗುಳವಿಲ್ಲ, ಲೆಕ್ಕ ನೋಡುವುದು ಅಷ್ಟೆ.

ಇಷ್ಟು ಸರಳವಾದದ್ದು ನಿಜಕ್ಕೂ ಕೆಲಸ ಮಾಡುತ್ತದೆ ಎಂದು ಹೇಗೆ ಗೊತ್ತಾಯಿತು?

1996ರಲ್ಲಿ ನೀಲ್ ಜೇಕಬ್‌ಸನ್ ಎಂಬ ಕ್ಲಿನಿಕಲ್ ಸೈಕಾಲಜಿಸ್ಟ್ ಸಿಯಾಟಲ್‌ನಲ್ಲಿ ಒಂದು ಕೀಟಲೆಯ ಪ್ರಯೋಗ ಮಾಡಿದರು. ಆಗ ಖಿನ್ನತೆಗೆ ಹೆಸರುವಾಸಿಯಾಗಿದ್ದ ಕಾಗ್ನಿಟಿವ್ ಥೆರಪಿಯನ್ನು ಬಿಚ್ಚಿ ಬಿಡಿಭಾಗ ಮಾಡಿದರು. ಒಂದು ಗುಂಪಿಗೆ ಚಟುವಟಿಕೆಯ ಭಾಗ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಯೋಚನೆಗಳನ್ನು ತಿದ್ದುವ ಭಾಗ, ಮೂರನೆಯದಕ್ಕೆ ಪೂರ್ತಿ ಚಿಕಿತ್ಸೆ. ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಸಮ ಚೇತರಿಸಿಕೊಂಡವು.

ಇದರ ಇನ್ನೊಂದು ತುದಿ ಇಪ್ಪತ್ತು ವರ್ಷದ ನಂತರ ಇಂಗ್ಲೆಂಡಿನಲ್ಲಿ ಸಿಕ್ಕಿತು. 440 ಜನರ ಮೇಲೆ ನಡೆದು 2016ರಲ್ಲಿ ವೈದ್ಯಕೀಯ ಸಂಶೋಧನಾ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮನೋಚಿಕಿತ್ಸೆಯ ವೃತ್ತಿ ತರಬೇತಿ ಇಲ್ಲದ ಕಿರಿಯ ಕಾರ್ಯಕರ್ತರು ಚಟುವಟಿಕೆಯ ಚಿಕಿತ್ಸೆ ಕೊಟ್ಟರು, ಅನುಭವಿ ಥೆರಪಿಸ್ಟರು ಯೋಚನೆಯನ್ನೂ ನಡವಳಿಕೆಯನ್ನೂ ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಕೊಟ್ಟರು. ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯೇನಲ್ಲ ಎಂದಾಯಿತು, ಖರ್ಚೂ ಇಳಿಯಿತು. ವರ್ಷಗಟ್ಟಲೆ ಕಷ್ಟಪಟ್ಟು ಕಲಿತವರಿಗೆ ಓದಲು ಹಿತವಾದ ಫಲಿತಾಂಶವಲ್ಲ. ನಾನೂ ಆ ಗುಂಪಿಗೆ ಸೇರಿದವನೇ.

ಗೋವಾದಲ್ಲಿ ನಡೆದದ್ದೇನು?

ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿನ ಸಂಗಾತ್ ಸಂಸ್ಥೆಯ ಮೂಲಕ ಹಲವು ವರ್ಷ ಮಾಡಿದ ಕೆಲಸ ಇದು. ಪಟೇಲ್ ಮನೋವೈದ್ಯರು, ಚಿಕಿತ್ಸೆ ರೂಪಿಸುವಲ್ಲಿ ಸೋನಾ ಡಿಮಿಜಿಯನ್‌ರಂಥ ಕ್ಲಿನಿಕಲ್ ಸೈಕಾಲಜಿಸ್ಟರೂ ಇದ್ದರು.

2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪರೀಕ್ಷೆಯನ್ನು ನೋಡೋಣ. ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಜ್ವರ, ಮೈಕೈ ನೋವು ಎಂದು ಬಂದವರಲ್ಲೇ ಖಿನ್ನತೆ ಸಾಕಷ್ಟು ತೀವ್ರವಾಗಿದ್ದ 495 ಜನರನ್ನು ಗುರುತಿಸಿದರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೇಂದ್ರದಲ್ಲಿ ಸಿಗುವ ಆರೈಕೆಯನ್ನು ಕೊಂಚ ಸುಧಾರಿಸಿ ಕೊಟ್ಟರು, ಅಂದರೆ ಖಿನ್ನತೆ ಇದೆ ಎಂಬ ಫಲಿತಾಂಶವನ್ನು ರೋಗಿಗೂ ಡಾಕ್ಟರಿಗೂ ತಿಳಿಸಿದರು. ಇನ್ನೊಂದಕ್ಕೆ ಅದರ ಜೊತೆಗೆ ಆರರಿಂದ ಎಂಟು ಭೇಟಿಗಳ ಮಾತಿನ ಚಿಕಿತ್ಸೆ, ತಿರುಳು ಮೇಲೆ ಹೇಳಿದ ಚಟುವಟಿಕೆಯ ವಿಧಾನವೇ. ಕೊಟ್ಟವರು ಸ್ಥಳೀಯರು, ಮಾನಸಿಕ ಆರೋಗ್ಯದಲ್ಲಿ ಮೊದಲು ಯಾವ ತರಬೇತಿಯೂ ಇಲ್ಲದವರು. ಮೂರು ವಾರದ ಶಿಬಿರ, ಆಮೇಲೆ ತಿಂಗಳುಗಟ್ಟಲೆ ಮೇಲ್ವಿಚಾರಣೆಯ ಕೆಳಗೆ ಅಭ್ಯಾಸ, ಪರಿಣತಿ ಸಾಬೀತಾದವರು ಮಾತ್ರ ಮುಂದಕ್ಕೆ.

ಮೂರು ತಿಂಗಳ ಬಳಿಕ ಚಿಕಿತ್ಸೆ ಪಡೆದವರಲ್ಲಿ ಶೇ. 64 ಮಂದಿ ಖಿನ್ನತೆಯ ಗೆರೆಯಿಂದ ಕೆಳಗೆ ಇಳಿದಿದ್ದರು, ಇನ್ನೊಂದು ಗುಂಪಿನಲ್ಲಿ ಶೇ. 39. ಕೆಲಸಕ್ಕೆ ಹೋಗಲಾಗದ ದಿನಗಳು ಕಡಿಮೆಯಾದವು, ಆತ್ಮಹತ್ಯೆಯ ಯೋಚನೆ ಮತ್ತು ಪ್ರಯತ್ನಗಳು ಕಡಿಮೆಯಾದವು. ಹೆಂಗಸರು ಗಂಡನಿಂದ ಪೆಟ್ಟು ತಿನ್ನುವುದೂ ಕಡಿಮೆಯಾಗಿತ್ತು. ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಈ ಕೊನೆಯದು. ಚಿಕಿತ್ಸೆ ಹೋದದ್ದು ಹೆಂಡತಿಗೆ, ಬದಲಾದದ್ದು ಮನೆ.

ಎಲ್ಲ ಕಡೆಯೂ ಇದೇ ಫಲ ಸಿಕ್ಕಿತೇ?

ಇಲ್ಲ, ಸಿಗದ ಕಡೆಗಳನ್ನೇ ಹೆಚ್ಚು ಗಮನವಿಟ್ಟು ಓದಬೇಕು. ಅದೇ ತಂಡದ ಹಿಂದಿನ ಪ್ರಯೋಗ 'ಮಾನಸ್' 2010ರಲ್ಲಿ ಪ್ರಕಟವಾಯಿತು. ಗೋವಾದ 12 ಸರಕಾರಿ ಕೇಂದ್ರ, 12 ಖಾಸಗಿ ದವಾಖಾನೆ. ಸರಕಾರಿ ಕೇಂದ್ರಗಳಲ್ಲಿ ಸ್ಥಳೀಯ ಕೌನ್ಸೆಲರ್ ಇದ್ದ ಕಡೆ ಆರು ತಿಂಗಳಿಗೆ ಶೇ. 65.9 ಮಂದಿ ಚೇತರಿಸಿಕೊಂಡರು, ಇಲ್ಲದ ಕಡೆ ಶೇ. 42.5. ಖಾಸಗಿ ದವಾಖಾನೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಕೌನ್ಸೆಲರ್ ಇಲ್ಲದ ಗುಂಪೂ ಚೆನ್ನಾಗಿಯೇ ಚೇತರಿಸಿಕೊಂಡಿತ್ತು. ಮನೆತನದ ಪರಿಚಯವಿರುವ, ಕೂರಿಸಿ ಮಾತಾಡಿಸುವ ಡಾಕ್ಟರು ಅರ್ಧ ಕೆಲಸ ಆಗಲೇ ಮಾಡಿಬಿಟ್ಟಿರುತ್ತಾರೆ ಅನ್ನುವುದು ನನ್ನ ಊಹೆ.

ಮಿತಿಮೀರಿ ಕುಡಿಯುವ 377 ಗಂಡಸರ ಮೇಲಿನ ಪ್ರಯೋಗವೂ 2017ರದೇ. ಅಲ್ಲಿ ಕುಡಿತ ಅಪಾಯದ ಮಟ್ಟದಿಂದ ಇಳಿದವರು ಶೇ. 36, ಇನ್ನೊಂದು ಗುಂಪಿನಲ್ಲಿ ಶೇ. 26. ಲಾಭ ಇದೆ, ಖಿನ್ನತೆಯಷ್ಟು ಇಲ್ಲ.

ಹೊರಗಿನ ಎರಡು ಉದಾಹರಣೆ. ಪಾಕಿಸ್ತಾನದ ರಾವಲ್ಪಿಂಡಿ ಗ್ರಾಮಾಂತರದಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ 'ಲೇಡಿ ಹೆಲ್ತ್ ವರ್ಕರ್'ಗಳು ಖಿನ್ನತೆಯಿದ್ದ ಬಸುರಿ, ಬಾಣಂತಿಯರ ಮನೆಗೆ ಹೋಗಿ ಚಿಕಿತ್ಸೆ ಕೊಟ್ಟರು. ಅತಿಫ್ ರೆಹಮಾನ್ ತಂಡ 2008ರಲ್ಲಿ ಪ್ರಕಟಿಸಿದ ಪ್ರಕಾರ, ಹೆರಿಗೆಯಾಗಿ ಆರು ತಿಂಗಳಿಗೆ ಖಿನ್ನತೆ ಉಳಿದಿದ್ದವರು ಶೇ. 23, ಚಿಕಿತ್ಸೆ ಸಿಗದ ಗುಂಪಿನಲ್ಲಿ ಶೇ. 53. ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡ ಆಸ್ಪತ್ರೆಯ ಅಂಗಳದಲ್ಲಿ ಬೆಂಚು ಹಾಕಿ, ಅಜ್ಜಿಯಂದಿರಿಗೆ ಸಮಸ್ಯೆ ಬಿಡಿಸುವ ವಿಧಾನ ಕಲಿಸಿ ಕೂರಿಸಿದರು. 2016ರಲ್ಲಿ ಅದರ ಪರೀಕ್ಷೆಯ ಫಲಿತಾಂಶವೂ ಒಳ್ಳೆಯದೇ ಬಂತು.

ಒಂದು ಗುಂಪಿಗೆ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುವುದು ಅನ್ಯಾಯವಲ್ಲವೇ?

ಕೇಳಲೇಬೇಕಾದ ಪ್ರಶ್ನೆ. ಸುಮ್ಮನೆ ನೋಡುವಂತಿಲ್ಲ. ಆ ಊರಿನಲ್ಲಿ ಈಗ ಸಿಗುವುದಕ್ಕಿಂತ ಕಡಿಮೆ ಯಾರಿಗೂ ಆಗಬಾರದು, ಆತ್ಮಹತ್ಯೆಯ ಅಪಾಯ ಕಂಡರೆ ಯಾವ ಗುಂಪಿನವರಾದರೂ ಕೂಡಲೇ ಪರಿಣತರ ಬಳಿ ಕಳಿಸಬೇಕು. ಸಂಶೋಧನೆ ನ್ಯಾಯವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಒಬ್ಬರನ್ನೂ ಸೇರಿಸಿಕೊಳ್ಳುವಂತಿಲ್ಲ. ಚಿಕಿತ್ಸಾ ಪರೀಕ್ಷೆಗಳನ್ನು ದಾಖಲಿಸಲು 2007ರಿಂದ ನಮ್ಮಲ್ಲಿ ರಾಷ್ಟ್ರೀಯ ನೋಂದಣಿ ಪುಸ್ತಕವೊಂದು ಅಂತರ್ಜಾಲದಲ್ಲಿದೆ, ಸಿಟಿಆರ್‌ಐ ಎಂದು. ಏನು ಅಳೆಯುತ್ತೇವೆ ಎಂದು ಮೊದಲೇ ಅಲ್ಲಿ ಬರೆದಿಟ್ಟರೆ, ಫಲಿತಾಂಶ ಬಂದ ಮೇಲೆ ಗುರಿಯನ್ನು ಬಾಣ ಬಿದ್ದಲ್ಲಿಗೆ ಸರಿಸಲಾಗುವುದಿಲ್ಲ.

ಇನ್ನೊಂದು ಮಾತೂ ಇದೆ. ಹೋಲಿಸದೆ ಇದ್ದರೆ ಕಾಲ ಕಳೆದಂತೆ ತಾನಾಗಿ ಚೇತರಿಸಿಕೊಂಡವರನ್ನೆಲ್ಲ ನಮ್ಮ ಚಿಕಿತ್ಸೆಯ ಖಾತೆಗೆ ಬರೆದುಕೊಳ್ಳುತ್ತೇವೆ. ಗೋವಾದಲ್ಲಿ ಮಾತಿನ ಚಿಕಿತ್ಸೆ ಸಿಗದ ಗುಂಪಿನಲ್ಲೂ ಶೇ. 39 ಮಂದಿ ಸುಧಾರಿಸಿದ್ದರು ಅನ್ನುವುದನ್ನು ಮರೆಯಬೇಡಿ.

ಒಂಬತ್ತು ಪ್ರಶ್ನೆ ಕೇಳಿ ಮನಸ್ಸನ್ನು ಅಳೆಯುತ್ತಾರಂತೆ. ನಂಬಬಹುದೇ?

ಪಿಎಚ್‌ಕ್ಯು-9 ಬಗ್ಗೆ ಕೇಳುತ್ತಿದ್ದೀರಿ. ಕಳೆದ ಎರಡು ವಾರದಲ್ಲಿ ನಿದ್ದೆ, ಹಸಿವು, ಸುಸ್ತು, ಆಸಕ್ತಿ, ಸಾಯಬೇಕೆಂಬ ಯೋಚನೆ ಮುಂತಾದ ಒಂಬತ್ತು ವಿಷಯ. ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಖಿನ್ನತೆ ಇರಬಹುದು ಎಂಬುದಕ್ಕೆ ಸಾಮಾನ್ಯವಾಗಿ 10ಕ್ಕೆ ಗೆರೆ ಎಳೆಯುತ್ತಾರೆ. ಒಂದು ಗುಂಪಿನಲ್ಲಿ ಏರಿತೋ ಇಳಿಯಿತೋ ಎಂದು ನೋಡಲು ಒಳ್ಳೆಯ ಸಾಧನ. ಮೊಬೈಲಿನಲ್ಲಿ ಒತ್ತಿ ನೋಡಿ 14 ಬಂತು, ನನಗೆ ಖಿನ್ನತೆ ಇದೆ ಎಂದು ತೀರ್ಮಾನಿಸಲು ಸಾಧನವಲ್ಲ. ಥೈರಾಯ್ಡ್, ರಕ್ತಹೀನತೆಯಿಂದಲೂ ಸುಸ್ತು ಬರುತ್ತದೆ. ವ್ಯಕ್ತಿಯ ಜೊತೆ ಕೂತು ಮಾತಾಡದೆ ರೋಗ ನಿರ್ಣಯ ಇಲ್ಲ.

ನಮ್ಮ ಆಸ್ಪತ್ರೆಗಳಲ್ಲಿ ಇನ್ನೊಂದು ತೊಡಕು. "ಬೇಸರ" ಎಂದು ಹೇಳಿಕೊಂಡು ಬರುವವರು ಕಡಿಮೆ. ತಲೆಭಾರ, ಎದೆ ಉರಿ, ಗ್ಯಾಸು, ಕೈಕಾಲು ಸೆಳೆತ, ನಿಶ್ಶಕ್ತಿ ಎಂದು ಬರುತ್ತಾರೆ. ಪ್ರಶ್ನಾವಳಿ ಅವರನ್ನು ಮುಟ್ಟಬೇಕಾದರೆ ಕೇಳುವವರಿಗೆ ಆ ಊರಿನ ಮಾತು ಬರಬೇಕು. ಕಲಬುರಗಿಯ ಅಜ್ಜಿಗೆ ಬೆಂಗಳೂರಿನ ಪುಸ್ತಕದ ಕನ್ನಡ ಓದಿ ಹೇಳಿ, ಬಂದ ಉತ್ತರಕ್ಕೆ ಅಂಕ ಹಾಕಿದರೆ ಆ ಅಂಕ ಯಾರದ್ದೆಂದು ದೇವರೇ ಬಲ್ಲ.

ಹತ್ತನೇ ಕ್ಲಾಸ್ ಓದಿದವರು ಚಿಕಿತ್ಸೆ ಕೊಡಬಹುದಾದರೆ ಪರಿಣತರು ಯಾಕೆ ಬೇಕು?

ಸುದ್ದಿಯಲ್ಲಿ ಬಿಟ್ಟುಹೋಗುವ ಭಾಗವೇ ಇದಕ್ಕೆ ಉತ್ತರ. ಗೋವಾದ ಕೌನ್ಸೆಲರ್‌ಗಳು ಪ್ರತಿ ವಾರ ಕೂತು, ರೋಗಿಯ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡ ಭೇಟಿಗಳನ್ನು ಕೇಳಿ, ಒಬ್ಬರಿಗೊಬ್ಬರು ಅಂಕ ಕೊಟ್ಟು, ಎಲ್ಲಿ ಉಪದೇಶಕ್ಕೆ ಇಳಿದೆ, ಎಲ್ಲಿ ಕೇಳಿಸಿಕೊಳ್ಳದೆ ಮುಂದೆ ಓಡಿದೆ ಎಂದು ಚರ್ಚಿಸುತ್ತಿದ್ದರು. ಆ ಅಂಕದ ಪಟ್ಟಿಯನ್ನು ರೂಪಿಸಿದವರು, ಮೊದಲು ಜೊತೆಗೆ ಕೂತು ಕಲಿಸಿದವರು, ಕೈಮೀರಿದ ರೋಗಿಯನ್ನು ವಹಿಸಿಕೊಂಡವರು ಪರಿಣತರು. ಪರಿಣತರ ಕೆಲಸ ಇದರಿಂದ ಕಡಿಮೆಯಾಗುವುದಿಲ್ಲ, ಜಾಗ ಬದಲಾಗುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಈ ಪ್ರಯೋಗಗಳಲ್ಲಿ ಸಾಬೀತಾದದ್ದು ಸ್ಥಳೀಯ ಕೌನ್ಸೆಲರ್ ಸಾಕು ಅನ್ನುವುದಲ್ಲ. ಮೇಲ್ವಿಚಾರಣೆ ಇರುವ ಸ್ಥಳೀಯ ಕೌನ್ಸೆಲರ್ ಸಾಕು ಅನ್ನುವುದು. ಸರಕಾರಗಳು ಮೊದಲನೆಯ ಅರ್ಥ ಹಿಡಿದು, ಮೂರು ದಿನದ ತರಬೇತಿ ಕೊಟ್ಟು, ಬ್ಯಾನರ್ ಮುಂದೆ ಫೋಟೊ ತೆಗೆಸಿ, ಕೈತೊಳೆದುಕೊಂಡರೆ ಗೋವಾದ ಅಂಕಿಗಳನ್ನು ಅವರು ಉಲ್ಲೇಖಿಸುವಂತಿಲ್ಲ. ಆ ಕೆಲಸವನ್ನು ಗೌರವಧನದ ಮೇಲೆ ದುಡಿಯುವ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿದರೆ ಅದಕ್ಕೆ ತಕ್ಕ ಹಣವನ್ನೂ ಕೊಡಬೇಕು. ಮಧ್ಯಪ್ರದೇಶದ ಸಿಹೋರ್ ಜಿಲ್ಲೆಯಲ್ಲಿ ಗೋವಾದ ಚಿಕಿತ್ಸೆಯನ್ನೇ ಆಶಾ ಕಾರ್ಯಕರ್ತೆಯರಿಗೆ ಸ್ಮಾರ್ಟ್‌ಫೋನ್ ಮೂಲಕ ಕಲಿಸಿ ನೋಡುವ ಅಧ್ಯಯನಗಳು ನಡೆದಿವೆ. ಕಲಿಸುವುದು ಫೋನಿನಿಂದ ಸಾಧ್ಯ, ಸಂಬಳ ಫೋನಿನಿಂದ ಬರುವುದಿಲ್ಲ.

ಸಾಲ, ಬರ, ಕುಡುಕ ಗಂಡ: ಇವು ಕಾಯಿಲೆಗಳೇ? ಬಡತನಕ್ಕೆ ಕೌನ್ಸೆಲಿಂಗ್ ಔಷಧವೇ?

ಈ ಆಕ್ಷೇಪವನ್ನು ಗಂಭೀರ ವಿದ್ವಾಂಸರೂ ಎತ್ತಿದ್ದಾರೆ, ಅದರಲ್ಲಿ ಹುರುಳಿದೆ. ಸಾಲಗಾರ ಬಾಗಿಲಲ್ಲಿ ನಿಂತಿರುವಾಗ ದಿನಚರಿ ಬರೆಸುವುದು ಕ್ರೂರವಾಗಬಹುದು. ಒಳ್ಳೆಯ ಕಾರ್ಯಕ್ರಮಗಳು ಪಿಂಚಣಿ, ಪಡಿತರ, ಕಾನೂನು ನೆರವಿನ ದಾರಿಯನ್ನೂ ಜೊತೆಗೆ ತೋರಿಸುತ್ತವೆ. ಆದರೆ ಬಡವರ ಖಿನ್ನತೆ ಬರೀ ಬಡತನ ಎಂದು ಕೈಬಿಟ್ಟು, ಸಿರಿವಂತರ ಖಿನ್ನತೆಗೆ ಮಾತ್ರ ಗಂಟೆಗಿಷ್ಟು ಎಂದು ಚಿಕಿತ್ಸೆ ಕೊಡುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಸ್ಕಿಜೋಫ್ರೇನಿಯಾದಂಥ ಕಾಯಿಲೆಗೂ ಇದು ಆಗುತ್ತದೆಯೇ?

ಔಷಧ ಬಿಟ್ಟು ಆಗುವುದಿಲ್ಲ. ಔಷಧದ ಜೊತೆ, ಮನೆಗೆ ಹೋಗಿ ಮಾತಾಡಿಸುವ ಕಾರ್ಯಕರ್ತರಿದ್ದರೆ ಸ್ವಲ್ಪ ಹೆಚ್ಚು ಅನುಕೂಲ ಎಂದು ಭಾರತದಲ್ಲಿ 282 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಇಂಥ ಕಾಯಿಲೆಗಳಲ್ಲಿ ಮನೆಯವರೇ ದೊಡ್ಡ ಬಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಅಂಗಳದಲ್ಲೇ ಡೇರೆ ಹಾಕಿ ಉಳಿಸಿಕೊಂಡಿದ್ದರು.

ನನ್ನನ್ನು ಅಧ್ಯಯನಕ್ಕೆ ಸೇರಿ ಎಂದು ಕರೆದಿದ್ದಾರೆ. ಸೇರಲೇ?

ನಿಮ್ಮ ಇಷ್ಟ, ನಿಜವಾಗಿಯೂ. ಬೇಡ ಎಂದರೆ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಚಿಕಿತ್ಸೆಗೆ ಏನೂ ಕುಂದಾಗಬಾರದು. ನಡುವೆ ಬಿಟ್ಟು ಹೊರಡುವ ಹಕ್ಕೂ ಇದೆ, ಕಾರಣ ಹೇಳಬೇಕಾಗಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಒಂದು ಪ್ರತಿ ಮನೆಗೆ ಒಯ್ಯಿರಿ. ಧ್ವನಿಮುದ್ರಣ ಇದ್ದರೆ ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತಾರೆ ಎಂದು ಕೇಳಿ. ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಪತ್ರದಲ್ಲೇ ಇರಬೇಕು. ಇದನ್ನೆಲ್ಲ ಕೇಳಿದ್ದಕ್ಕೆ ಸಂಶೋಧಕರು ಮುಖ ಸಿಂಡರಿಸಿದರೆ ನಿಮ್ಮ ಉತ್ತರ ನಿಮಗೆ ಸಿಕ್ಕಿತು.

ನನ್ನ ಮಗಳಿಗೆ ಈ ಕ್ಷೇತ್ರದಲ್ಲಿ ಆಸಕ್ತಿ. ಏನು ಓದಿಸಲಿ?

ಪದವಿಯಲ್ಲಿ ಮನೋವಿಜ್ಞಾನ, ಆಮೇಲೆ ಎಂ.ಎ. ಅಥವಾ ಎಂ.ಎಸ್‌ಸಿ., ಆಮೇಲೆ ಆರ್‌ಸಿಐ ಒಪ್ಪಿದ ಕ್ಲಿನಿಕಲ್ ತರಬೇತಿ. ಇಷ್ಟು ವರ್ಷ ಆ ತರಬೇತಿ ಎಂದರೆ ಎರಡು ವರ್ಷದ ಎಂ.ಫಿಲ್. ಯುಜಿಸಿ 2022ರ ನಿಯಮಗಳಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿ, ಈ ಕೋರ್ಸಿಗೆ ಮಾತ್ರ ಗಡುವು ಮುಂದಕ್ಕೆ ಹಾಕಿತು. ಕೋರ್ಸುಗಳ ಸ್ವರೂಪ ಬದಲಾಗುತ್ತಿದೆ, ಹಾಗಾಗಿ ಸೇರುವ ವರ್ಷ ಆರ್‌ಸಿಐ ಜಾಲತಾಣ ನೋಡಿಯೇ ಹಣ ಕಟ್ಟಿ. ಆರು ತಿಂಗಳ ಆನ್‌ಲೈನ್ ಡಿಪ್ಲೊಮಾ ಮುಗಿಸಿದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಂಶೋಧನೆಯೇ ಗುರಿಯಾದರೆ ಸಂಖ್ಯಾಶಾಸ್ತ್ರದ ಭಯ ಬಿಡಿಸಿ. ಇನ್ನೂ ಒಂದಿದೆ, ಕನ್ನಡದ ಎರಡು ಮೂರು ಸೀಮೆಗಳ ಮಾತನ್ನು ಕಿವಿತುಂಬ ಕೇಳಿಸಿಕೊಳ್ಳುವ ಅಭ್ಯಾಸ. ಯಾವ ಪಠ್ಯಕ್ರಮದಲ್ಲೂ ಅದು ಇಲ್ಲ.

ಸಂಶೋಧನೆ ಇರಲಿ, ನಮ್ಮ ಮನೆಯಲ್ಲಿ ಈಗಲೇ ಸಹಾಯ ಬೇಕು. ಎಲ್ಲಿಗೆ ಹೋಗಬೇಕು?

14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಶುರುಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಾದ ಕೌನ್ಸೆಲರ್ ಮಾತಾಡುತ್ತಾರೆ, ಬೇಕಿದ್ದರೆ ಪರಿಣತರಿಗೆ ದಾಟಿಸುತ್ತಾರೆ. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಹೊರರೋಗಿ ಚೀಟಿ ಮಾಡಿಸಿದರೂ ಆಗುತ್ತದೆ. ಪ್ರಾಣಕ್ಕೆ ಅಪಾಯ ಎಂದು ಕಂಡರೆ ಫೋನಿಗೆ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಹಿಂಜರಿಯುವವರು ಇನ್ನೂ ಇದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ.